ಪಕ್ಕದ ಖಾಲಿ ಜಾಗ

ಶನಿವಾರದ ನಾಟಕದ ಫೋಟೋಗಳನ್ನು ನಿನ್ನೆ ರಾತ್ರಿ ಅಕ್ಕನಿಗೆ ಕಳಿಸಿದೆ. ಒಟ್ಟು 112. ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾದ ಮೇಲೆ ನಾನು ಪೂರ್ತಿ ಮುಗಿಸಿದ ಮೊದಲ ಕೆಲಸ ಇದು. ಥ್ಯಾಂಕ್ಸ್ ಹೇಳಬೇಕು, ಎಲ್ಲರ ಎದುರೇ ಹೇಳಬೇಕು ಅನ್ನಿಸಿತು.

ಏನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ. ದಿನಾ ಊಟ ಕಳಿಸಿದ ಪಕ್ಕದ ಮನೆ ಆಂಟಿ, ರಕ್ತ ಕೊಡಲು ಓಡಿ ಬಂದ ಹುಡುಗರು, ನಾನು ಒಪ್ಪಿಕೊಂಡಿದ್ದ ಎರಡು ಮದುವೆ ಶೂಟ್ ಮುಗಿಸಿ ದುಡ್ಡನ್ನು ನನ್ನ ಅಕೌಂಟಿಗೇ ಹಾಕಿದ ಗೆಳೆಯರು, ನಿಮ್ಮನ್ನು ಯಾವತ್ತೂ ಮರೆಯುವುದಿಲ್ಲ.

ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಒಡಹುಟ್ಟಿದವರಲ್ಲ. ಏಳು ವರ್ಷದ ಹಿಂದೆ ನಾಟಕದ ಪೋಸ್ಟರಿಗೆ ಫೋಟೋ ಬೇಕು ಅಂತ ಬಂದವರು. ಅಪ್ಪನ ಕೊನೆಯ ರಾತ್ರಿ ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಜೊತೆ ಕೂತಿದ್ದು ಅವರೊಬ್ಬರೇ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಎರಡು ಗಂಟೆ ಹೊತ್ತಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ದೇವರ ಸ್ತೋತ್ರ ಅಂದುಕೊಂಡೆ. ಕೇಳಿದರೆ, ‘ನಾಟಕದ ಮಾತು ಕಣೋ, ಬಾಯಿಪಾಠ ಆಗ್ಬೇಕಲ್ವಾ’ ಅಂದರು. ನನಗೂ ಕೇಳುವ ಹಾಗೆ ಹೇಳಿ ಅಂದೆ. ಬೆಳಗಿನ ತನಕ ಪಿಸುದನಿಯಲ್ಲಿ ಹೇಳುತ್ತಲೇ ಇದ್ದರು. ಐದೂವರೆಗೆ ನರ್ಸ್ ಬಂದು ನನ್ನ ಹೆಸರು ಕರೆದರು. ನನಗೆ ಏಳಲಾಗಲಿಲ್ಲ. ತೋಳು ಹಿಡಿದು ಎಬ್ಬಿಸಿದ್ದು ಅಕ್ಕ.

ಅಪ್ಪನ ಒಂದು ಒಳ್ಳೆ ಫೋಟೋ ನನ್ನ ಹತ್ತಿರ ಇರಲಿಲ್ಲ. ತಿಥಿ ದಿನ ಹಾರ ಹಾಕಲು ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದೆವು. ಊರಿನವರ ಮದುವೆಯೆಲ್ಲ ತೆಗೆದವನು ನಾನು. ಅವತ್ತು ಬೀರುವಿನ ಮೇಲಿಟ್ಟ ಕ್ಯಾಮೆರಾ ಬ್ಯಾಗನ್ನು ಮತ್ತೆ ಇಳಿಸಲಿಲ್ಲ.

ಕಳೆದ ತಿಂಗಳು ಅಕ್ಕ ಫೋನ್ ಮಾಡಿದರು. ‘ರಂಗಶಂಕರದಲ್ಲಿ ಶೋ ಇದೆ. ಫೋಟೋ ನೀನೇ ತೆಗೀಬೇಕು.’ ಆಗಲ್ಲ ಅಂದೆ. ಸಂಜೆ ಅರ್ಧ ದುಡ್ಡು ಅಡ್ವಾನ್ಸ್ ಬಂದಿತ್ತು.

ಶೋ ನಡೆಯುವಾಗ ಶಟರ್ ಸದ್ದು ಬೇಡ ಅಂತ ಮಧ್ಯಾಹ್ನ ಲೈಟು, ಸೌಂಡು ಹಾಕಿ ನೋಡುವ ಟೆಕ್ ರಿಹರ್ಸಲ್‌ನಲ್ಲೇ ತೆಗೆದೆ. ಸೈಲೆಂಟ್ ಶಟರ್ ಹಾಕಿದರೆ ಕೆಲವು ಎಲ್‌ಇಡಿ ಲೈಟುಗಳಲ್ಲಿ ಫೋಟೋ ತುಂಬ ಪಟ್ಟೆ ಬರುತ್ತದೆ. ಹಿಂದೆ ಪೂರ್ತಿ ಕತ್ತಲೆ. ಕ್ಯಾಮೆರಾದ ಲೆಕ್ಕಕ್ಕೇ ಬಿಟ್ಟರೆ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಮುಖದ ಬೆಳಕು ಅಳೆದು ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200, ಶಟರ್ ಸೆಕೆಂಡಿನ 1/250ಕ್ಕೆ ಕೈಯಾರೆ ಇಟ್ಟೆ. ಕೈ ನಡುಗುತ್ತಿತ್ತು. ಮೊದಲ ಹತ್ತು ನಿಮಿಷದ ಒಂದು ಫೋಟೋವೂ ಉಳಿಯಲಿಲ್ಲ.

70 ನಿಮಿಷ ಸ್ಟೇಜಿನ ಮೇಲೆ ಅಕ್ಕ ಒಬ್ಬರೇ. ಸೆರಗು ತಲೆ ಮೇಲೆ ಬಂದರೆ ಅತ್ತೆ, ಸೊಂಟಕ್ಕೆ ಸಿಕ್ಕಿಸಿದರೆ ಸೊಸೆ. ನಾನು ಹಳೇ ಅಭ್ಯಾಸದಂತೆ ಅವರನ್ನು ಫ್ರೇಮಿನ ನಡುವೆ ತುಂಬಿಸುತ್ತಿದ್ದೆ. ನೋಡಿದರೆ ಯಾರೋ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹಾಗೆ ಕಾಣುತ್ತಿತ್ತು. ಅಕ್ಕ ಸ್ಕ್ರೀನ್ ನೋಡಿ, ‘ಸೊಸೆ ಎಲ್ಲಿ? ಅವಳಿಗೂ ಜಾಗ ಬಿಡೋ’ ಅಂದರು. ಆಮೇಲೆ ಅವರ ಕಣ್ಣು ಹೋಗುವ ಕಡೆ ಕತ್ತಲೆಯನ್ನು ಹಾಗೇ ಬಿಟ್ಟು ತೆಗೆದೆ. ನೀವೂ ನೋಡಿ, ಆ ಖಾಲಿಯಲ್ಲಿ ಸೊಸೆ ನಿಂತಿದ್ದಾಳೆ. ಲೈಟಿಂಗ್ ಮಾಡಿದ ಅಣ್ಣನಿಗೂ ಇದರಲ್ಲಿ ಪಾಲಿದೆ, ಥ್ಯಾಂಕ್ಸ್ ಅಣ್ಣ.

ಸಂಜೆ ಕ್ಯಾಮೆರಾ ಇಲ್ಲದೆ ಮೂರನೇ ಸಾಲಲ್ಲಿ ಕೂತೆ. ಪ್ರತಿ ಮಾತೂ ಮೊದಲೇ ಗೊತ್ತಿತ್ತು. ಅದೇ ಪಿಸುಮಾತು ಈಗ ತುಂಬಿದ ಸಭೆಗೆ ಕೇಳಿಸುತ್ತಿತ್ತು. ಅತ್ತುಬಿಟ್ಟೆ.

ಶೋ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಲೇ ಅಕ್ಕ ಹೇಳಿದರು: ‘ಬ್ಯಾಗು ಮತ್ತೆ ಮೇಲಿಡಬೇಡ. ನಾಳೆ ಅಮ್ಮನ ಫೋಟೋ ತೆಗಿ.’

ತೆಗೆದೆ ಅಕ್ಕ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅಪ್ಪನ ಕುರ್ಚಿಯೂ ಬರುವ ಹಾಗೆ ಪಕ್ಕದಲ್ಲಿ ಜಾಗ ಬಿಟ್ಟಿದ್ದೀನಿ. ಅದು ಆ 112ರ ಲೆಕ್ಕದಲ್ಲಿಲ್ಲ, ನಿಮಗೆ ಬೇರೆಯಾಗಿ ಕಳಿಸಿದ್ದೀನಿ.