ಮಂತ್ರ ಮುಗಿದ ಮೇಲಿನ ಗೆಡ್

ಪ್ರೀತಿಯ ಗೆಳೆಯಾ,

ಅರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಕಾದಂಬರಿ ಸರಣಿಯ ನಾಲ್ಕನೆಯ ಪುಸ್ತಕ ‘ಟೆಹಾನು’ ಓದಿ ನಿನಗೆ ಸಿಟ್ಟು ಬಂದಿದೆ. ‘ಗೆಡ್‌ನಂಥ ಮಹಾಮಾಂತ್ರಿಕನನ್ನು ಕರೆತಂದು ಆಡು ಕಾಯೋಕೆ ಹಚ್ಚಿದರಲ್ಲ’ ಅಂತ ಬರೆದಿದ್ದೀಯ. ಈ ಸರಣಿಯಲ್ಲಿ ನನ್ನ ಎದೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ ಪುಸ್ತಕ ಕಣೋ. ಸುಮ್ಮನಿರಲು ಆಗಲಿಲ್ಲ.

ಮೊದಲ ಮೂರು ಭಾಗಗಳು ಬಂದದ್ದು 1968ರಿಂದ 1972ರೊಳಗೆ. ಇದು ಬಂದದ್ದು 1990ರಲ್ಲಿ. ಮೂರನೆಯದರ ಕೊನೆಗೆ ಗೆಡ್‌ನನ್ನು ಹೊತ್ತು ಹಾರಿದ ಡ್ರ್ಯಾಗನ್ ಕಲೆಸ್ಸಿನ್ ಇಲ್ಲಿ ಗಾಂಟ್ ದ್ವೀಪದ ಬಂಡೆಯಂಚಿಗೆ ಬಂದಿಳಿಯುತ್ತದೆ. ಆ ಒಂದು ಹಾರಾಟ ಮುಗಿಯಲು ಓದುಗರು 18 ವರ್ಷ ಕಾದಿದ್ದರು! ಅಷ್ಟರಲ್ಲಿ ಲೆ ಗ್ವಿನ್ ತಾವು ನಿಂತ ಜಾಗವನ್ನೇ ಬದಲಿಸಿದ್ದರು. ಮೊದಲು ರೋಕ್‌ನ ಮಾಂತ್ರಿಕರ ಶಾಲೆಯ ಕಡೆಯಿಂದ ಕಂಡಿದ್ದ ಲೋಕವನ್ನು ಈಗ ಗಾಂಟ್‌ನ ರೈತನೊಬ್ಬನ ವಿಧವೆ ಟೆನಾರ್‌ಳ ಅಡುಗೆಮನೆಯಿಂದ ನೋಡುತ್ತೇವೆ. ರೋಕ್‌ನ ಶಾಲೆಗೆ ಗಂಡುಹುಡುಗರಿಗಷ್ಟೇ ಪ್ರವೇಶ ಅನ್ನೋದು ಮೊದಲ ಓದಿನಲ್ಲಿ ನಮಗಿಬ್ಬರಿಗೂ ಒಂದು ವಿಷಯ ಅಂತಲೇ ಅನ್ನಿಸಿರಲಿಲ್ಲ, ನೆನಪಿದೆಯಾ?

ಟೆನಾರ್ ಸಾಕಿಕೊಂಡ ಹುಡುಗಿ ಥೆರ್ರುವಿನ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಸ್ವಂತ ಜನರೇ ಬೆಂಕಿಗೆ ನೂಕಿದ ಮಗು ಅದು. ಮುಖದ ಒಂದು ಪಕ್ಕ ಸುಟ್ಟಿದೆ, ಆ ಕಡೆಯ ಕಣ್ಣು ಹೋಗಿದೆ, ಕೈ ಮುರುಟಿದೆ. ಇಷ್ಟೊಂದು ಮಂತ್ರ ಬಲ್ಲ ಲೋಕದಲ್ಲಿ ಆ ಗಾಯ ಅಳಿಸುವ ಮಂತ್ರ ಯಾರಿಗೂ ಗೊತ್ತಿಲ್ಲ. ಟೆನಾರ್ ಮಾಡುವುದಿಷ್ಟೇ: ಉಣ್ಣಿಸುತ್ತಾಳೆ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ, ಕತೆ ಹೇಳುತ್ತಾಳೆ, ಜನ ದಿಟ್ಟಿಸಿ ನೋಡಿದರೆ ಅಡ್ಡ ನಿಲ್ಲುತ್ತಾಳೆ. ಮರುದಿನ ಮತ್ತೆ ಅದನ್ನೇ. ನನಗೆ ಉಸಿರು ಕಟ್ಟಿದ್ದು ಇಲ್ಲೇ.

ಇನ್ನು ಗೆಡ್. ಮೂರನೆಯ ಪುಸ್ತಕದಲ್ಲಿ ಸತ್ತವರ ನಾಡಿನ ಬಾಗಿಲು ಮುಚ್ಚಲು ಅವನು ತನ್ನ ಶಕ್ತಿಯನ್ನೆಲ್ಲ ಸುರಿದುಬಿಟ್ಟ. ರಾಜನ ಕಡೆಯವರು ಹುಡುಕಿಕೊಂಡು ಬಂದಾಗ ಅವರಿಗೆ ಮುಖ ತೋರಿಸಲಾರದೆ ಬೆಟ್ಟ ಸೇರುತ್ತಾನೆ. ನಿನಗೆ ಇದು ಅವಮಾನ. ಆದರೆ ಹುಡುಗನಾಗಿದ್ದಾಗಿನಿಂದ ‘ನಾನು’ ಅಂದರೆ ‘ನನ್ನ ಶಕ್ತಿ’ ಅಂತಲೇ ಬದುಕಿದವನು ಬೇರೆ ಹೇಗೆ ನಡೆದುಕೊಂಡಾನು? ಅವನ ನಾಚಿಕೆಯನ್ನು ಮುಚ್ಚಿಡದೆ ಬರೆದದ್ದು ಅವನ ಮೇಲಿನ ಪ್ರೀತಿಯಿಂದ ಅಂತಲೇ ನಾನು ನಂಬುತ್ತೇನೆ. ಅದೇ ಗೆಡ್, ದುಷ್ಟರು ರಾತ್ರಿ ಟೆನಾರ್‌ಳ ಮನೆಗೆ ನುಗ್ಗಲು ಬಂದಾಗ, ಹುಲ್ಲೆತ್ತುವ ಕವೆಗೋಲು ಹಿಡಿದು ಎದುರಾಗುತ್ತಾನೆ. ಕೈ ನಡುಗುವ ಮನುಷ್ಯನಾಗಿ ಅವನು ನನಗೆ ಸಿಕ್ಕಿದ್ದು ಅಲ್ಲಿ.

ನಿನ್ನ ಒಂದು ದೂರು ಒಪ್ಪುತ್ತೇನೆ. ಕೊನೆ ಅವಸರದ್ದು. ಆಸ್ಪೆನ್ ಎಂಬ ಆ ಮಾಂತ್ರಿಕನ ದ್ವೇಷಕ್ಕೆ ಇನ್ನಷ್ಟು ಪುಟ ಬೇಕಿತ್ತು. ಆದರೂ ಥೆರ್ರು ಕಲೆಸ್ಸಿನ್‌ನನ್ನು ಕೂಗಿ ಕರೆದಾಗ ನನ್ನ ಕಣ್ಣು ತುಂಬಿತು.

ಟೆನಾರ್‌ಳ ಮಗ ಸ್ಪಾರ್ಕ್ ಸಮುದ್ರದಿಂದ ಮನೆಗೆ ಬರುವ ಅಧ್ಯಾಯವನ್ನಾದರೂ ಇನ್ನೊಮ್ಮೆ ಓದು. ಉಂಡ ತಟ್ಟೆ ಎತ್ತಿಡೋದು ಹೆಂಗಸರ ಕೆಲಸ ಅನ್ನುತ್ತಾನೆ ಅವನು. ಈ ಅಡುಗೆಮನೆಯಲ್ಲಿ ಉಂಡವರೆಲ್ಲರ ಕೆಲಸ ಅನ್ನುತ್ತಾಳೆ ತಾಯಿ. 2001ರಲ್ಲಿ ಸರಣಿಗೆ ಇನ್ನೆರಡು ಪುಸ್ತಕ ಸೇರಿದವು. ಎರಡೂ ನನ್ನ ಹತ್ತಿರ ಇವೆ. ಆ ಅಧ್ಯಾಯ ಓದಿ ಬರೆ, ಕಳಿಸಿಕೊಡುತ್ತೇನೆ.

ನಿನ್ನ ಗೆಳೆಯ