ಗ್ಯಾರೇಜ್ ತಾತನ ಮನೆ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ದೀಪಾವಳಿಯ ಎಣ್ಣೆಸ್ನಾನ ಮುಗಿದಿರುತ್ತದೆ, ತಡವಾದದ್ದಕ್ಕೆ ಕ್ಷಮೆಯಿರಲಿ. ದೀಪದ ಬಗ್ಗೆ ಬರೆಯೋಣವೆಂದು ಕುಳಿತಿದ್ದೆ. (ಹೋದ ವರ್ಷವೂ ದೀಪದ ಬಗ್ಗೆಯೇ ಬರೆದಿದ್ದೆ ಎಂದು ನಮ್ಮ ಯಜಮಾನರು ನೆನಪಿಸಿದರು.) ಅಷ್ಟರಲ್ಲಿ ಆರು ವರ್ಷದ ಮಗಳು ಬಂದು, "ಅಮ್ಮ, ಗ್ಯಾರೇಜ್ ತಾತ ಅವರ ಮನೆಯನ್ನೇ ತಿನ್ನುತ್ತಿದ್ದಾರಂತೆ, ನಿಜವಾ?" ಎಂದು ಕೇಳಿದಳು.

ನಾನು ಫೋನಿನಲ್ಲಿ ಯಾರಿಗೋ "ಕೇರ್ ಹೋಮಿನ ಖರ್ಚು ಮನೆಯನ್ನೇ ತಿಂದುಹಾಕುತ್ತದೆ" ಎಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು.

ಗ್ಯಾರೇಜ್ ತಾತ ಯಾರೆಂದು ನಿಮಗೆಲ್ಲ ಗೊತ್ತು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಈ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಬಂದ ನಮ್ಮ ರಾಯರು. ನಮ್ಮ ಕನ್ನಡ ಕೂಟದ ಕೊಳಗ, ಸೌಟು, ಬ್ಯಾನರುಗಳಿಗೆಲ್ಲ ಅವರ ಗ್ಯಾರೇಜೇ ಉಗ್ರಾಣ. ಆಗಸ್ಟಿನಲ್ಲಿ ಅವರನ್ನು ಕೇರ್ ಹೋಮಿಗೆ, ಅಂದರೆ ಹಣ ಪಡೆದು ಹಿರಿಯರ ಆರೈಕೆ ಮಾಡುವ ನಿಲಯಕ್ಕೆ, ಸೇರಿಸಲಾಯಿತು. ಮರೆವು ಹೆಚ್ಚಾಗಿದೆ. ಅವರ ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಆ ಮಗನಿಗೆ ಸಿಕ್ಕ ಸಲಹೆಗಳಿಗೆ ಲೆಕ್ಕವಿಲ್ಲ. "ಮನೆಯನ್ನು ಮೊದಲೇ ನಿನ್ನ ಹೆಸರಿಗೆ ಬರೆಸಿಕೊಳ್ಳಬಾರದಿತ್ತೇ? ಏಳು ವರ್ಷ ದಾಟಿದರೆ ಯಾರೂ ಕೇಳುವುದಿಲ್ಲ" ಎಂದರು ಒಬ್ಬರು. ಬಿಸಿಬೇಳೆಬಾತಿನ ಜೊತೆ ಬಡಿಸುವ ಈ ಏಳು ವರ್ಷದ ಮಾತು ಪಿತ್ರಾರ್ಜಿತ ತೆರಿಗೆಯದು, ಅಂದರೆ ತೀರಿಕೊಂಡವರ ಆಸ್ತಿಯ ಮೇಲೆ ಬೀಳುವ ತೆರಿಗೆಯದು. ಆರೈಕೆಯ ಲೆಕ್ಕದಲ್ಲಿ ಅಂಥ ಗಡುವೇ ಇಲ್ಲ. ಆರೈಕೆಯ ಖರ್ಚನ್ನು ತಪ್ಪಿಸಿಕೊಳ್ಳಲೆಂದೇ ಮನೆಯನ್ನು ದಾನ ಮಾಡಿದ್ದೀರಿ ಎಂದು ಕೌನ್ಸಿಲಿಗೆ (ಇಲ್ಲಿನ ಸ್ಥಳೀಯ ಆಡಳಿತಕ್ಕೆ) ಮನವರಿಕೆಯಾದರೆ, ಎಷ್ಟು ವರ್ಷ ಹಿಂದಿನದಾದರೂ ಅದನ್ನು ನಿಮ್ಮದೇ ಎಂದು ಎಣಿಸಬಹುದು. ಊರಿನ ಸೈಟೂ ಆಸ್ತಿಯೇ, ಅದನ್ನೂ ಹೇಳಬೇಕು. ಹಲವರು ಇಲ್ಲಿ ಕೆಮ್ಮುತ್ತೀರೆಂದು ಗೊತ್ತು.

ಇಂಗ್ಲೆಂಡಿನ ನಿಯಮ ಇಷ್ಟು. ಆಸ್ತಿ 23,250 ಪೌಂಡ್ ದಾಟಿದರೆ ಪೂರ್ತಿ ಖರ್ಚು ನಿಮ್ಮದೇ. 2010ರಿಂದ ಆ ಅಂಕಿ ಕದಲಿಲ್ಲ. ವೇಲ್ಸಿನಲ್ಲಾದರೆ 50,000. ಸ್ವಂತ ಮನೆಯಲ್ಲೇ ಆರೈಕೆ ನಡೆದರೆ ಆ ಮನೆಯ ಬೆಲೆಯನ್ನು ಎಣಿಸುವುದಿಲ್ಲ. ಕಾಯಂ ಆಗಿ ಕೇರ್ ಹೋಮಿಗೆ ಹೋದರೆ ಎಣಿಸುತ್ತಾರೆ. ಗಂಡನೋ ಹೆಂಡತಿಯೋ ಅಥವಾ ಮೊದಲಿನಿಂದಲೂ ಜೊತೆಗಿರುವ, ಅರವತ್ತು ತುಂಬಿದ ಸಂಬಂಧಿಯೋ ಆ ಮನೆಯಲ್ಲಿ ವಾಸವಿದ್ದರೆ ಆಗಲೂ ಬಿಡುತ್ತಾರೆ. ರಾಯರ ಮನೆಯಲ್ಲಿ ಯಾರೂ ಉಳಿದಿಲ್ಲ. ಬೇರೆ ಉಳಿತಾಯ ಮಿತಿಯೊಳಗಿದ್ದದ್ದರಿಂದ ಮೊದಲ 12 ವಾರ ಮನೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆ ವಾರಗಳು ರಾಜ್ಯೋತ್ಸವದ ಆಸುಪಾಸಿಗೆ ಮುಗಿಯುತ್ತವೆ. ಆಮೇಲೆ ಕೌನ್ಸಿಲ್ ಸದ್ಯಕ್ಕೆ ಕಟ್ಟಿ, ಮನೆಯ ಮೇಲೆ ಹಕ್ಕು ಬರೆಸಿಕೊಂಡು, ಮುಂದೆ ಬಡ್ಡಿ ಸಮೇತ ವಸೂಲು ಮಾಡುವ ಒಪ್ಪಂದವಿದೆ. ಮಗ ಅದಕ್ಕೆ ಅರ್ಜಿ ಹಾಕಿದ್ದಾನೆ, ವಸಂತದಲ್ಲಿ ಮಾರುತ್ತಾನಂತೆ. ಒಬ್ಬರ ಜೀವಮಾನದ ಆರೈಕೆ ಖರ್ಚಿಗೆ 86,000 ಪೌಂಡಿನ ಮಿತಿ ಬರುತ್ತದೆಂದು ಕಾದಿದ್ದವರಿದ್ದರು. 2024ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

"ಅಪ್ಪನ ಮನೆಯನ್ನು ಮಾರಿ ಅಪ್ಪನನ್ನು ಸಾಕುವುದೇ?" ಎಂದು ಯಾರೋ ಉಸಿರೆಳೆದರಂತೆ. ನನಗೆ ದೊಡ್ಡಮ್ಮ ನೆನಪಾದರು.

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಅಜ್ಜ ಪಾರ್ಶ್ವವಾಯು ಬಡಿದು ಮೂರು ವರ್ಷ ಮಲಗಿದ್ದರು. ಚಾವಡಿಗೆ ಅಂಟಿದ ಕೋಣೆ, ಸದಾ ಬೇವಿನೆಣ್ಣೆಯ ವಾಸನೆ. ನಸುಕಿನಲ್ಲಿ ದೊಡ್ಡಮ್ಮ ಬಚ್ಚಲೊಲೆಗೆ ಬೆಂಕಿ ಹಾಕುವ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು. ಹಂಡೆ ಕಾಯುವಷ್ಟರಲ್ಲಿ ಅಜ್ಜನ ಬಟ್ಟೆ ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸಿ, ಪೌಡರು ಹಾಕಿ, ಗಂಜಿ ಕುಡಿಸುವರು. ಮಧ್ಯಾಹ್ನ ಮತ್ತೆ, ರಾತ್ರಿ ಎರಡು ಸಲ. ಮಳೆಗಾಲದಲ್ಲಿ ಒಣಗದ ದುಪ್ಪಟಿಗಳು ಅಡಕೆ ಒಣಗಿಸುವ ಅಟ್ಟದ ತುಂಬ. ಆ ಮೂರು ವರ್ಷ ಅವರು ತವರಿಗೆ ಹೋಗಲಿಲ್ಲ, ಸ್ವಂತ ತಮ್ಮನ ಮದುವೆಗೂ. ಬಂದ ನೆಂಟರು ಕಾಫಿ ಕುಡಿದು, "ಹಿರಿಯರನ್ನು ಈ ಮನೆ ಹೇಗೆ ನೋಡಿಕೊಂಡಿತು!" ಎಂದು ಹೊಗಳಿ ಹೋಗುತ್ತಿದ್ದರು.

ಅಜ್ಜ ತೀರಿಕೊಂಡ ಮರುವರ್ಷ ಪಾಲಾಯಿತು. ನೋಡಿಕೊಂಡವನಿಗೆ ಮನೆ ಸೇರಲಿ ಎಂದು ಅಪ್ಪನೂ ಚಿಕ್ಕಪ್ಪಂದಿರೂ ತಕರಾರಿಲ್ಲದೆ ಒಪ್ಪಿದರು. ಪತ್ರ ದೊಡ್ಡಪ್ಪನ ಹೆಸರಿಗೆ ಆಯಿತು. ದೊಡ್ಡಪ್ಪ ಒಳ್ಳೆಯವರೇ, ಆದರೆ ಒಂದು ದುಪ್ಪಟಿಯನ್ನೂ ಹಿಂಡಿದವರಲ್ಲ. ಎಲ್ಲರೂ ರುಜು ಹಾಕುವಾಗ ದೊಡ್ಡಮ್ಮ ಒಳಗೆ ಹೋಳಿಗೆ ಲಟ್ಟಿಸುತ್ತಿದ್ದರು.

ಈಗ ಭಾರತದಲ್ಲಿಯೂ ಹಿರಿಯ ನಾಗರಿಕರಿಗೆಂದು 2007ರ ಕಾನೂನಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂಪಡೆಯಲು ಹಿರಿಯರು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಅಲ್ಲಿಯೂ ಮನೆ ಆರೈಕೆಯ ಬೆಲೆಯಾಗಿಯೇ ಕೈ ಬದಲಾಯಿಸುತ್ತಿತ್ತು. ವಾರಕ್ಕೊಮ್ಮೆ ಬಿಲ್ಲು ಬರುತ್ತಿರಲಿಲ್ಲ, ಅಷ್ಟೇ. ಇಲ್ಲಿ ರಾಯರ ಮಗ್ಗುಲು ತಿರುಗಿಸುವ ಹೆಣ್ಣುಮಗಳಿಗೆ ಸಂಬಳವಿದೆ, ರಜೆಯಿದೆ. ರಾಯರು ದುಡಿದು ಕಟ್ಟಿದ ಮನೆ ರಾಯರಿಗೇ ಖರ್ಚಾಗುವುದರಲ್ಲಿ ನನಗೆ ನಾಚಿಕೆ ಕಾಣಿಸುವುದಿಲ್ಲ. ಮಗನಿಗೆ ಹೊಟ್ಟೆ ಉರಿಯುವುದೂ ಸುಳ್ಳಲ್ಲ, ಅವನು ಹುಟ್ಟಿ ಬೆಳೆದ ಮನೆ ಅದು. ರಾಯರು ಬುದ್ಧಿ ಚುರುಕಾಗಿದ್ದಾಗಲೇ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿಗೆ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಮಗನಿಗೆ ಅಧಿಕಾರ ಕೊಡುವ ಪತ್ರಕ್ಕೆ, ರುಜು ಹಾಕಿದ್ದರಿಂದ ಅವನಿಗೆ ಕೋರ್ಟಿನ ಅಲೆದಾಟ ತಪ್ಪಿದೆ. ನಿಮ್ಮ ಮನೆಯಲ್ಲಿ ಆ ಕಾಗದ ಆಗಿದೆಯೇ? ನಮ್ಮಲ್ಲಿ ಆಗಿಲ್ಲ.

ಮಗಳಿಗೆ ಏನು ಹೇಳಿದೆನೆಂದು ಕೇಳಬೇಡಿ. "ಮೊದಲು ಬಾಗಿಲು ತಿನ್ನುತ್ತಾರಾ, ಕಿಟಕಿಯಾ?" ಎಂದು ಕೇಳಿ ಅವಳು ಮಲಗಿದಳು.

ಜಾಗ ಮುಗಿಯುತ್ತಿದೆ, ಪ್ರಕಟಣೆಗಳು: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ ಎರಡಕ್ಕೆ, ಎಂದಿನ ಸಭಾಂಗಣದಲ್ಲಿ. ಊಟಕ್ಕೆ ಹೆಸರು ಮುಂಚೆಯೇ ಕೊಡಿ, ಹೋದ ಸಲದಂತೆ ಬಾಗಿಲಲ್ಲಿ ನಿಂತು ಅಲ್ಲ. ಮಕ್ಕಳ ಛದ್ಮವೇಷಕ್ಕೆ ಈಗಾಗಲೇ ಐದು ಕಿತ್ತೂರು ಚೆನ್ನಮ್ಮಂದಿರಿದ್ದಾರೆ. ಕನ್ನಡ ತರಗತಿ ಭಾನುವಾರ ಹತ್ತಕ್ಕೆ, ಶಿಕ್ಷಕಿಯರು ಇಬ್ಬರು ಕಡಿಮೆ. ಸದಸ್ಯತ್ವ ಶುಲ್ಕ ಬಾಕಿ ಇರುವವರಿಗೆ ತಾವು ಯಾರೆಂದು ಗೊತ್ತು. ಮುಂದಿನ ಸಂಚಿಕೆಗೆ ಪುಟ ಜೋಡಿಸಲು ಯಾರಾದರೂ ಬನ್ನಿ, ಒಬ್ಬಳಿಂದ ಆಗುತ್ತಿಲ್ಲ.

ಕೊನೆಯದಾಗಿ, ತುರ್ತು. ರಾಯರ ಗ್ಯಾರೇಜನ್ನು ಈ ತಿಂಗಳೊಳಗೆ ಖಾಲಿ ಮಾಡಬೇಕು. ಎರಡು ದೊಡ್ಡ ಕೊಳಗ, ಮೂರು ಜರಡಿ, ಸೌಟಿನ ಕಟ್ಟು, ಕೆಂಪು-ಹಳದಿ ಬಾವುಟಗಳ ಪೆಟ್ಟಿಗೆ, ಗಣಪತಿಯ ಮಂಟಪ. ತೇವವಿಲ್ಲದ ಗ್ಯಾರೇಜು ಇರುವವರು, ಇಲ್ಲವಾದರೆ ದೊಡ್ಡ ಗಾಡಿ ಇರುವವರು, ದಯವಿಟ್ಟು ಫೋನ್ ಮಾಡಿ. ಭುವನೇಶ್ವರಿಯ ಪಟವನ್ನು ನಾನೇ ತಂದಿದ್ದೇನೆ. ಸದ್ಯಕ್ಕೆ ನಮ್ಮ ಇಸ್ತ್ರಿ ಮೇಜಿನ ಪಕ್ಕದಲ್ಲಿ ನಿಂತಿದ್ದಾಳೆ.