ಮರಳಲ್ಲಿ ಮಲಗುವ ಮೀನು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ದುರ್ಗದಲ್ಲಿ ನಾಲ್ಕಡಿಯ ಉಪ್ಪುನೀರಿನ ತೊಟ್ಟಿ ಇಟ್ಟಿದ್ದೀಯ, ಅದಕ್ಕೀಗ ಹಳದಿ ರಾಸ್ ಮೀನು ತರ್ತೀನಿ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯ್ತು. ಆದರೆ ಮೀನಿಗೆ ದುಡ್ಡು ಕೊಡುವ ಮುಂಚೆ ಮುಚ್ಚಳ ಮತ್ತು ಮರಳಿನ ಕೆಲಸ ಮುಗಿಸಿಕೋ.

ನನ್ನ ಮೊದಲ ರಾಸ್ ಹೋಗಿದ್ದು ನನ್ನ ತಪ್ಪಿನಿಂದಲೇ. ಪೈಪು ಇಳಿಸಲು ಮುಚ್ಚಳದ ಹಿಂದೆ ಎರಡು ಬೆರಳಗಲ ಸಂದು ಬಿಟ್ಟಿದ್ದೆ. ಒಂದು ಸಂಜೆ ಕರೆಂಟ್ ಹೋಗಿ ದೀಪ ಫಕ್ಕನೆ ಆರಿತು. ಬೆಳಿಗ್ಗೆ ನೋಡಿದರೆ ಸ್ಟ್ಯಾಂಡಿನ ಹಿಂದೆ, ಗೋಡೆ ಮೂಲೆಯಲ್ಲಿ, ಧೂಳು ಮೆತ್ತಿಕೊಂಡು ಒಣಗಿ ಬಿದ್ದಿತ್ತು. ಗಾಬರಿಯಾದರೆ ರಾಸ್ ಜಿಗಿಯುತ್ತದೆ. ಈಗ ಪೂರ್ತಿ ನೈಲಾನ್ ಜಾಲರಿ ಬಿಗಿದಿದ್ದೇನೆ, ಪೈಪಿನ ಸುತ್ತಲೂ ಸಂದಿಲ್ಲ.

ಇನ್ನು ಮರಳು. ಹರಿಹರದ ಹೊಳೆ ಮರಳು ಬೇಡ ಮಾರಾಯ. ಉಪ್ಪುನೀರಿನ ತೊಟ್ಟಿಗೆಂದೇ ಸಿಗುವ ಸಣ್ಣ ಅರಗೊನೈಟ್ (ಸುಣ್ಣದ ಅಂಶದ) ಮರಳು ತಗೋ, ಎರಡು ಇಂಚಿಗಿಂತ ಕಡಿಮೆ ಹಾಕಬೇಡ. ಈ ಮೀನಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಹರಳು ದಪ್ಪಗಿದ್ದರೆ ಮೈ ತರಚುತ್ತದೆ.

ಎರಡನೇ ರಾಸ್ ಬೆಂಗಳೂರಿಂದ ತಂದೆ. ಬಿಟ್ಟ ಕೂಡಲೇ ತಲೆ ಚುಚ್ಚಿ ಮರಳೊಳಗೆ ಮಾಯ. ಒಂದು ದಿನ, ಎರಡು ದಿನ, ಸುಳಿವಿಲ್ಲ. 'ಸತ್ತು ಕೊಳೆಯೋಕೆ ಮುಂಚೆ ತೆಗಿಯಪ್ಪ' ಅಂದಳು ಅವ್ವ. ನನ್ನ ಕೈಯೂ ಕಡ್ಡಿ ಕಡೆ ಹೋಗಿತ್ತು. ಕೆದಕಲಿಲ್ಲ, ಒಳ್ಳೆಯದಾಯ್ತು. ಐದನೇ ದಿನ ಮರಳು ಸ್ವಲ್ಪ ಅಲುಗಿತು. ಮೊದಲು ಮೂತಿ, ಆಮೇಲೆ ಒಂದು ಕಣ್ಣು. ಆ ಕಣ್ಣು ಒಂದೇ ಅತ್ತಿತ್ತ ತಿರುಗಿ ಇಡೀ ತೊಟ್ಟಿ ನೋಡಿತು. ಆಮೇಲೆ ಅರಿಶಿನದ ಕೊಂಬಿನ ಹಾಗೆ ಮೈಯೆಲ್ಲ ಹೊರಗೆ ಬಂತು. ಅವ್ವ ಕೈ ಮುಗಿದಳು. ಹೊಸ ಜಾಗಕ್ಕೆ ಬಂದಾಗ ಇವು ಹೀಗೆ ದಿನಗಟ್ಟಲೆ ಹುದುಗಿ ಕೂರುತ್ತವೆ. ನೀನೂ ಕಾಯಿ.

ನಮ್ಮ ಕಡೆ ಬೇಸಿಗೆಯದೇ ಚಿಂತೆ. ನೀರು 25ರಿಂದ 27 ಡಿಗ್ರಿ ಇರಬೇಕು, ಏಪ್ರಿಲ್‌ನಲ್ಲಿ ಮನೆಯೊಳಗೇ ಅದಕ್ಕಿಂತ ಜಾಸ್ತಿ. ನೀರಿನ ಮೇಲೆ ಫ್ಯಾನ್ ಹಾಕಿದರೆ ತಂಪಾಗುತ್ತದೆ, ಆದರೆ ನೀರು ಆವಿಯಾಗಿ ಉಪ್ಪು ಉಳಿದುಬಿಡುತ್ತದೆ. ಹಾಗಾಗಿ ಇಳಿದಷ್ಟಕ್ಕೆ ಬರೀ ಆರ್‌ಒ ನೀರು ತುಂಬು, ಉಪ್ಪುನೀರಲ್ಲ. ತೊಟ್ಟಿ ನೀರಿನ ಸಾಂದ್ರತೆ (ಸಿಹಿನೀರು 1 ಅಂದ್ರೆ) 1.025ರ ಹತ್ತಿರ ನಿಂತರೆ ಸಾಕು. ಕರೆಂಟ್ ಹೋದಾಗ ಗಾಳಿ ಬಿಡೋಕೆ ಬ್ಯಾಟರಿ ಪಂಪ್ ಒಂದು ಇರಲಿ.

ಊಟಕ್ಕೆ ಸಣ್ಣಗೆ ಹೆಚ್ಚಿದ ಸೀಗಡಿ ಕೊಡ್ತೀನಿ, ದಿನಕ್ಕೆ ಎರಡು ಸಲ, ಚೂರು ಚೂರೇ. ಮಿಕ್ಕ ಹೊತ್ತೆಲ್ಲ ಕಲ್ಲಿನ ಸಂದಿಯಲ್ಲಿ ಚಪ್ಪಟೆ ಹುಳ ಹೆಕ್ಕುತ್ತಿರುತ್ತದೆ.

ಭಾನುವಾರ ಬಂದುಬಿಡು. ಸಂಜೆ ಏಳರೊಳಗೆ ಬಾ, ಯಾಕಂದ್ರೆ ಏಳೂವರೆಗೆ ದೀಪ ಆರುತ್ತದೆ, ಅದಕ್ಕೂ ಮುಂಚೆಯೇ ರಾಸ್ ಎಡಗಡೆ ಕಲ್ಲಿನ ಪಕ್ಕ, ದಿನಾ ಅದೇ ಜಾಗದಲ್ಲಿ, ಮರಳಿಗೆ ಇಳಿಯುತ್ತದೆ. ಅದು ಮಲಗಿದ ಮೇಲೆ ನಾವು ಮಂಡಕ್ಕಿ ಮಿರ್ಚಿ ತಿನ್ನೋಣ.

ನಿನ್ನ ದಾವಣಗೆರೆ ಗೆಳೆಯ